ಹಸಿರು ಬಕೆಟ್ಟಿನ ತೂಕ

“ಚಿನ್ನ ಕದಿಯೋರನ್ನ ಕೇಳಿದ್ದೆ, ಸಿಪ್ಪೆ ಕದಿಯೋರನ್ನ ಇವತ್ತೇ ನೋಡಿದ್ದು ಕಣಪ್ಪಾ! ಎರಡು ದಿನ ಬಾಗಿಲಲ್ಲೇ ಕಾವಲು ಕೂತಿದ್ದೆ. ಇವತ್ತು ಸಿಕ್ಕಿಬಿದ್ರು.”

ಕೆಳಮನೆಯ ದರ್ಜಿ ಹೆಂಗಸು ಮೇಲ್ಮನೆಯ ಮುದುಕಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಆ ಕೈಯಲ್ಲಿ ಆಲೂಗಡ್ಡೆ ಸಿಪ್ಪೆಯ ಪೊಟ್ಟಣ. ಕಸದ ಮೇಸ್ತ್ರಿ ಓಡಿಬಂದ.

“ಬಿಡಿ ಅಕ್ಕಾ, ವಯಸ್ಸಾದವರು.”

“ವಯಸ್ಸಾದವರಂತೆ! ನನ್ನ ಬಕೆಟ್ಟು ಹಗುರಾದ್ರೆ ನೋಟಿಸು ಬರೋದು ನನಗೆ, ಇವರಿಗಲ್ಲ.”

ಅದೂ ನಿಜವೇ. ಹಸಿ ಕಸವೆಲ್ಲ ಗೊಬ್ಬರವಾಗಬೇಕೆಂದು ನಗರದಲ್ಲಿ ಹೊಸ ನಿಯಮ ಬಂದಿತ್ತು. ಮನೆಯಲ್ಲಿ ಎಷ್ಟು ಜನವೋ ಬಕೆಟ್ಟಿನಲ್ಲಿ ಅದಕ್ಕೆ ತಕ್ಕ ತೂಕ ಇರಬೇಕು. ಸತತ ಮೂರು ದಿನ ಕಡಿಮೆ ಬಂದರೆ ಕಸ ಮೋರಿಗೆ ಹೋಗುತ್ತಿದೆ ಎಂದೇ ಅರ್ಥ. ಅಧಿಕಾರಿಗಳು ಬಾಗಿಲು ತೆಗೆಸಿ ಮನೆಯೆಲ್ಲ ಜಾಲಾಡುತ್ತಾರೆ.

ದರ್ಜಿ ಪೊಟ್ಟಣ ಕಿತ್ತುಕೊಂಡು ದಡಾರನೆ ಬಾಗಿಲು ಹಾಕಿಕೊಂಡಳು.

ಮೇಸ್ತ್ರಿ ಮುದುಕಿಯ ಹಿಂದೆ ಮೆಟ್ಟಿಲು ಹತ್ತಿದ. ಒಂದೇ ಕೋಣೆ. ಒಲೆ ತಣ್ಣಗಿತ್ತು. ಒಣಗಿದ ಪಾತ್ರೆಗಳು ಬೋರಲು ಬಿದ್ದಿದ್ದವು. ಮೂಲೆಯ ಮಂಚಕ್ಕೆ ಪರದೆ ಎಳೆದಿತ್ತು. ನಗರದ ಗೊಬ್ಬರದ ಗುಂಡಿಗೆ ಬಿದ್ದು ಸೊಂಟ ಮುರಿದುಕೊಂಡ ಅವಳ ಗಂಡನ ಮಂಚ ಅದು. ಮೇಸ್ತ್ರಿಗೆ ಕೆಲಸ ಕಲಿಸಿದವನೇ ಆತ.

“ಅಣ್ಣನ್ನ ಒಂಚೂರು ಮಾತಾಡಿಸ್ಲಾ ಅತ್ತಿಗೆ?”

“ಈಗ ಬೇಡಪ್ಪಾ. ರಾತ್ರಿಯೆಲ್ಲ ನರಳಾಟ. ಮಲಗಿರಲಿ.” ಅವಳು ಪರದೆಗೆ ಅಡ್ಡ ನಿಂತಳು.

ಮೇಸ್ತ್ರಿ ದನಿ ತಗ್ಗಿಸಿದ. “ಎರಡು ದಿನದಿಂದ ನಿಮ್ಮ ಬಕೆಟ್ಟು ಯಾಕೆ ಹಗುರ ಅಂತ ತಲೆ ಕೆಡಿಸ್ಕೊಂಡಿದ್ದೆ. ಒಲೆ ಹಚ್ಚಿದ್ರೆ ತಾನೆ ಸಿಪ್ಪೆ ಬರೋದು! ನನಗೊಂದು ಮಾತು ಹೇಳೋಕೇನಾಗಿತ್ತು? ಕಂಡವರ ಸಿಪ್ಪೆ ತಿನ್ನೋ ಗತಿ ಬಂತಾ ನಿಮಗೆ?”

ಅವಳು ತಲೆ ತಗ್ಗಿಸಿದಳು.

ಅವನು ಚೀಲದಿಂದ ತನ್ನ ಬುತ್ತಿ ತೆಗೆದು ಅವಳ ಕೈಗಿಟ್ಟ. “ಅನ್ನ ಇದೆ, ಎರಡು ಮೊಟ್ಟೆ ಇದೆ. ಅಣ್ಣನಿಗೂ ತಿನ್ನಿಸಿ. ಸೊಂಟ ಮುರಿದಿದ್ದಕ್ಕೆ ನಗರದವರು ಅವರಿಗೆ ಅಂತ ಕೊಟ್ಟ ಮನೆ ಇದು, ಅವರು ಇರೋವರೆಗೂ ಇಲ್ಲಿಂದ ನಿಮ್ಮನ್ನ ಯಾರೂ ಎಬ್ಬಿಸಲ್ಲ. ಚೆನ್ನಾಗಿ ನೋಡ್ಕೊಳ್ಳಿ.”

“ನಿನ್ನ ಊಟ?”

“ನನ್ನ ಹೆಂಡತಿ ಬೆಳಿಗ್ಗೆ ಬೈದಿದ್ದೇ ಇನ್ನೂ ಅರಗಿಲ್ಲ ಬಿಡಿ.”

ಅವಳು ನಗಲು ನೋಡಿದಳು. ಅವನು ಕಣ್ಣೊರೆಸಿಕೊಂಡು ಇಳಿದುಹೋದ.

ಬೀದಿಯ ತಿರುವಿನಲ್ಲಿ ತೂಕದ ಗಾಡಿಯ ಹಾರನ್ನು ಕೇಳಿಸಿತು. ಅವಳು ಬುತ್ತಿಯ ಮುಚ್ಚಳ ತೆಗೆದಳು. ಅನ್ನ ಇನ್ನೂ ಬೆಚ್ಚಗಿತ್ತು. ನಿನ್ನೆಯಿಂದ ನೀರು ಬಿಟ್ಟು ಬೇರೇನೂ ಕಾಣದ ಹೊಟ್ಟೆ ಚುರುಗುಟ್ಟಿತು. ಒಂದು ಅಗುಳನ್ನೂ ಬಾಯಿಗಿಡದೆ, ಅನ್ನವನ್ನೂ ಮೊಟ್ಟೆಯನ್ನೂ ಹಸಿರು ಬಕೆಟ್ಟಿಗೆ ಸುರಿದು, ಕೈಯಿಂದ ಚೆನ್ನಾಗಿ ಕಿವುಚಿ, ಗಾಡಿಯತ್ತ ಇಳಿದಳು.

ದೂರದೂರಿನ ಆಸ್ಪತ್ರೆಯಲ್ಲಿ ತೀರಿಹೋದ ಗಂಡನನ್ನು ಅಲ್ಲೇ ಮಣ್ಣುಮಾಡಿ ಅವಳೊಬ್ಬಳೇ ಯಾರಿಗೂ ತಿಳಿಯದಂತೆ ರಾತ್ರೋರಾತ್ರಿ ಮರಳಿ ಇಪ್ಪತ್ತು ದಿನವಾಗಿತ್ತು. ಆ ಮನೆಯಲ್ಲಿ ಇಬ್ಬರಿದ್ದಾರೆಂದು ಸಾಕ್ಷಿ ಹೇಳಲು ಉಳಿದಿದ್ದದ್ದು ಕಸವೊಂದೇ.