ಮಸಿಯ ಲೆಕ್ಕ

"ಮಸಿ ತಿಕ್ಕೋದು ಗೊತ್ತೈತಿ, ಮಸಿ ಲೆಕ್ಕಾ ಹಾಕೋದಂದ್ರ ಏನವಾ?" ಹೆಣ್ಣು ನೋಡಲು ಬಂದಿದ್ದ ವರನ ತಾಯಿ ಬಸಲಿಂಗಮ್ಮ ಮತ್ತೆ ಅದನ್ನೇ ಕೇಳಿದಾಗ ಗುರುದೇವಿಗೆ ದಿಲ್‌ಸುಖ್‌ನಗರದ ತಮ್ಮ ಮನೆಯ ಪಡಸಾಲೆಯಿಂದ ಎದ್ದುಹೋಗಬೇಕೆನಿಸಿತು. ಆದರೂ ತಡೆದುಕೊಂಡು ಹೇಳಿದಳು: "ಡೀಸೆಲ್ ಎಂಜಿನ್ನಿನಾಗ ಎಣ್ಣಿ ಪೂರಾ ಸುಡಲಿಲ್ಲಂದ್ರ ಮಸಿ ಆಗತೈತ್ರಿ. ಅದು ಎಲ್ಲಿ, ಎಷ್ಟು ಆಗತೈತಿ ಅಂತ ಕಂಪ್ಯೂಟರಿನಾಗ ಮೊದಲ ಲೆಕ್ಕಾ ಹಾಕ್ತೀನಿ. ಅದನ್ನ ನೋಡಿ ಹೊಗಿ ಕಡಿಮಿ ಬರೋ ಹಂಗ ಎಂಜಿನ್ ಮಾಡ್ತಾರ."

"ಅಂದ್ರ ಸಾಫ್ಟ್‌ವೇರ್ ಅಲ್ಲ," ಎಂದು ಬಸಲಿಂಗಮ್ಮ ನಿಟ್ಟುಸಿರಿಟ್ಟರು. "ಅಮೀರ್‌ಪೇಟೆ ಕೋಚಿಂಗ್ ಕ್ಲಾಸಿಗೆ ಕಳಿಸಿ ಜಾವಾ ಕಲಿಸ್ರಿ. ನಮ್ಮ ಹುಡುಗನ ಜೋಡಿ ಅಮೇರಿಕಾಕ್ಕ ಹೋಗಾಕ ಬರತೈತಿ."

ಗುರುದೇವಿ ಹಲ್ಲು ಕಚ್ಚಿಕೊಂಡು ಅಪ್ಪ ಅಮರೇಶಪ್ಪನವರತ್ತ ನೋಡಿದಳು. ಊಟಕ್ಕೆ ಕೂತಾಗಲೆಲ್ಲ ಜಾವಾ ಕಲಿ, ಜಾವಾ ಕಲಿ ಎಂದು ಅವಳ ತಲೆ ತಿನ್ನುತ್ತಿದ್ದವರು ಅವರೇ. ಈಗ ಅವರು ಹೂಂ ಅನ್ನುವುದೊಂದೇ ಬಾಕಿ.

ಅಮರೇಶಪ್ಪ ಗಂಟಲು ಸರಿಮಾಡಿಕೊಂಡರು. "ಹೇಳಿ ಹೇಳಿ ನನಗೂ ಸಾಕಾಗೇತ್ರಿ ಅಕ್ಕಾರ, ಆಕಿ ಕೇಳಂಗಿಲ್ಲ. ಆದ್ರ ದಿನಾ ಬಸ್ಸಿನ ಹಿಂದ ಸ್ಕೂಟರ್ ಹೊಡದು ನನ್ನ ಮೂಗೆಲ್ಲಾ ಕರ್ರಗಾಗೇತಿ. ಜಾವಾ ಕಲಿಯೋರು ರಗಡ ಮಂದಿ ಅದಾರ. ಇಕಿ ಇದನ್ನ ಮಾಡ್ಲಿ ಬಿಡ್ರಿ."

ಬಸಲಿಂಗಮ್ಮ ಸೆರಗು ಹೊದ್ದುಕೊಂಡು ಎದ್ದರು. ಅಪ್ಪ ಅವರನ್ನು ತಡೆಯಲಿಲ್ಲ.