ಬಚ್ಚಲಕಟ್ಟೆ

ಮನೆಯವರ ನೆನಪುಗಳನ್ನೆಲ್ಲ ಒಟ್ಟಿಗೆ ಬರೆದಿಟ್ಟ, ಗಾಜಿನ ಪರದೆಯ ಮೇಲಿನ ಮನೆಪುಟದಲ್ಲಿ ಯಾರು ಏನು ತಿದ್ದಿದರೂ ಎಲ್ಲರ ತಲೆಯೊಳಗಿನ ನೆನಪೂ ಹಾಗೇ ತಿದ್ದಿಕೊಳ್ಳುತ್ತಿತ್ತು. ಸೊಸೆ ನೀಲಾಂಬಿಕೆಯ ನೆನಪು ಮಾತ್ರ ಇನ್ನೂ ಅವಳ ಸ್ವಂತಪುಟದಲ್ಲಿತ್ತು. ಅಲ್ಲಿ ಬರೆಯುವವಳು ಅವಳೊಬ್ಬಳೇ. ಉಳಿದವರು ಕೆಳಗೆ ಕಮೆಂಟು ಹಾಕಬಹುದಿತ್ತು, ಅಷ್ಟೆ. ಇವತ್ತು ಅದನ್ನು ಮನೆಪುಟಕ್ಕೆ ಕೂಡಿಸುವ ಶಾಸ್ತ್ರ. ಅವಳು ಹೆಬ್ಬೆರಳು ಒತ್ತಿದರೆ ಮುಗಿಯಿತು.

ಅವಳ ಹಣೆಯ ಗಾಯದ ಬಗ್ಗೆ ಮನೆಪುಟದಲ್ಲಿ ‘ಬಚ್ಚಲಕಟ್ಟೆಗೆ ಎಡವಿ ಬಿದ್ದಳು’ ಎಂದಿತ್ತು. ಅವಳ ಪುಟದಲ್ಲಿ ‘ಗಂಡ ದೂಡಿದ’ ಎಂದಿತ್ತು. ಅದರ ಕೆಳಗೆ ನಾದಿನಿಯ ಕಮೆಂಟು: ‘ಸುಳ್ಳು.’

“ಒತ್ತರೀ ವೈನಿ. ಒಂದ ಮನೀಗೆ ಎರಡ ನೆನಪು ಯಾಕ?” ನಾದಿನಿ ನಕ್ಕಳು.

“ಗಾಯ ಇನ್ನೂ ನೋಯ್ತದೇನ?” ಗಂಡ ಅಕ್ಕರೆಯಿಂದ ಕೇಳಿದ. ದೂಡಿದ್ದು ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ನೀಲಾಂಬಿಕೆಗೆ ಹೆದರಿಕೆಯಾದದ್ದು ಅದಕ್ಕೇ.

ಅವಳು ಹೆಬ್ಬೆರಳನ್ನು ಗಾಜಿನ ಹತ್ತಿರ ತಂದಳು. ಎಲ್ಲಿ ಒತ್ತಬೇಕೆಂದು ತೋರಿಸಿಕೊಡಲು ಬಗ್ಗಿದ ಅತ್ತೆಯ ಸೆರಗು ಜಾರಿ, ಹಣೆಯ ಮೇಲೊಂದು ಹಳೆಯ ಕಲೆ ಕಂಡಿತು.

“ಅತ್ತೀ, ಇದು ಹೆಂಗಾತ್ರೀ?”

“ಅದಾ? ಬಚ್ಚಲಕಟ್ಟೀಗೆ ಎಡವಿ ಬಿದ್ದಿದ್ದೆ. ನಮ್ಮತ್ತೀನೂ ಅಲ್ಲೇ ಬಿದ್ದಿದ್ರಂತ.”

ನೀಲಾಂಬಿಕೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

“ನಾ ಬಿದ್ದಿಲ್ರೀ, ಅತ್ತೀ.”