ರಟ್ಟಿನ ಮರೆ

"ಈ ವಾರ ಕಥೆ ಯಾಕೋ ಸಪ್ಪೆ ಅಕ್ಕಾ," ಎಂದ ತಮ್ಮ, ಫೋನಿನಿಂದ ಕಣ್ಣು ಕೀಳದೆ. ಎಸೆಯಬೇಕಿದ್ದ ದಾಳ ಅಕ್ಕನ ಮುಷ್ಟಿಯಲ್ಲೇ ಉಳಿಯಿತು.

ಪ್ರತಿ ಭಾನುವಾರ ಮೂವರೂ ಕೂತು ಕಥೆ ಕಟ್ಟುತ್ತ, ಸೋಲು ಗೆಲುವನ್ನು ದಾಳ ಎಸೆದು ತೀರ್ಮಾನಿಸುತ್ತ ಆಡುವ ಆಟ ಅದು. ತಮ್ಮನೂ ದೊಡ್ಡಕ್ಕನ ಗಂಡ ಭಾವನೂ ಕಥೆಯೊಳಗಿನ ವೀರರು. ಕಥೆ ನಡೆಸುವವಳು ಅವಳು; ರಾಜ, ರಾಕ್ಷಸ, ಕಾಡು, ಬಿರುಗಾಳಿ ಎಲ್ಲವೂ ಅವಳೊಬ್ಬಳೇ. ವಾರವಿಡೀ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ದಣಿದ ಕಣ್ಣಲ್ಲೇ ಕಾಡಿನ ನಕ್ಷೆ ಬಿಡಿಸಿದ್ದಳು. ಅದರ ನದಿಯ ಮೇಲೆ ಭಾವ ಟೀ ಲೋಟ ಇಟ್ಟಿದ್ದರು.

"ಯುದ್ಧ ಗಿದ್ಧ ಏನಾದ್ರೂ ಇಡಮ್ಮ," ಎಂದರು ಭಾವ. "ನಿನಗೇನು ಕಷ್ಟ? ಬಾಯಲ್ಲಿ ಹೇಳೋದು ತಾನೇ?"

ಅವಳಿಗೆ ಮೈಯೆಲ್ಲ ಉರಿಯಿತು. ತನ್ನ ದಾಳ ಅವರಿಬ್ಬರಿಗೆ ಕಾಣದಂತೆ ಮುಂದೆ ನಿಲ್ಲಿಸಿಕೊಂಡಿದ್ದ ರಟ್ಟಿನ ಮರೆಯನ್ನು ಕಿತ್ತು ತಮ್ಮನ ಮುಂದೆ ಕುಕ್ಕಿದಳು. "ಸಪ್ಪೆ ಅಂದ್ಯಲ್ಲ, ಇನ್ಮೇಲೆ ಕಥೆ ನೀನೇ ಹೇಳು, ಉಪ್ಪು ಖಾರ ನೀನೇ ಹಾಕು!" ಕುರ್ಚಿಯನ್ನು ಕರಕರ ಎಳೆದು ಭಾವನ ಪಕ್ಕ ಕೂತಳು. ಭಾವ ಲೋಟ ಎತ್ತಿಕೊಂಡರು. ತಮ್ಮ ಫೋನು ಕೆಳಗಿಟ್ಟು ಮೊದಲ ಸಲ ನಕ್ಷೆಯನ್ನು ನೆಟ್ಟಗೆ ನೋಡಿದ.

"ಅದೂ... ಕಾಡು. ದಟ್ಟ ಕಾಡು. ಒಂದು ದೊಡ್ಡ ಮರ ಇದೆ," ಎಂದು ತಡವರಿಸಿದ. "ನೀನೇನು ಮಾಡ್ತೀಯ ಅಕ್ಕಾ?"

ಇಷ್ಟು ವರ್ಷ ಆ ಪ್ರಶ್ನೆ ಕೇಳಿದ್ದೆಲ್ಲ ಅವಳೇ. ಅವಳನ್ನು ಯಾರೂ ಕೇಳಿರಲಿಲ್ಲ.

"ಮರದ ಕೆಳಗೆ ಮಲಗ್ತೀನಿ," ಎಂದಳು ಹಲ್ಲು ಕಚ್ಚಿ. "ರಾಕ್ಷಸ ಬಂದ್ರೆ ನೀವಿಬ್ರೇ ನೋಡ್ಕೊಳ್ಳಿ. ನನ್ನನ್ನ ಎಬ್ಬಿಸಿದ್ರೆ, ಅವನಿಗಿಂತ ಮೊದಲು ನಾನೇ ನಿಮ್ಮನ್ನ ನುಂಗ್ತೀನಿ."